ಕಾಯಕದಲ್ಲಿ ಕಾಯದ ರಕ್ಷಣೆ

ಘಟಪ್ರಭೆ ಹಾಗೂ ಹಿರಣ್ಯಕೇಶಿ ನದಿಗಳ ನೀರುಂಡು ಬೆಳೆದ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳು ಒಕ್ಕಲುತನದೊಡನೆ ಯಂತ್ರದ ದುಡಿಮೆಯನ್ನೂ ಬಹುಕಾಲದಿಂದ ಬಲ್ಲ ಸೀಮೆಗಳಾಗಿವೆ. ಸುಮಾರು 52 ಮೀಟರು ಎತ್ತರದಿಂದ ಧುಮುಕುವ ಘಟಪ್ರಭೆಯ ಜಲಶಕ್ತಿಯನ್ನು ನೆಚ್ಚಿ 1885ರಲ್ಲಿ ಗೋಕಾಕ ಫಾಲ್ಸಿನಲ್ಲಿ ನೂಲಿನ ಗಿರಣಿಯ ಸಂಸ್ಥೆ ಹುಟ್ಟಿಕೊಂಡಾಗ, ಈ ನಾಡಿನ ಬೇರೆ ಅನೇಕ ಭಾಗಗಳು ಕಾರ್ಖಾನೆಯ ಕೂಗನ್ನು ಇನ್ನೂ ಕೇಳಿರಲಿಲ್ಲ. ಮುಂದೆ ಹಿಡಕಲ್ಲಿನ ಜಲಾಶಯವಾಯಿತು. ಕಬ್ಬಿನ ಬೆಳೆ ಹಬ್ಬಿತು. ಸಂಕೇಶ್ವರದ ಹಿರಣ್ಯಕೇಶಿ, ಗೋಕಾಕ ಸೀಮೆಯ ಘಟಪ್ರಭಾ ಮೊದಲಾದ ಸಹಕಾರಿ ಸಕ್ಕರೆ ಕಾರ್ಖಾನೆಗಳು ತಲೆಯೆತ್ತಿದವು. 1969ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಸ್ಥಾಪನೆಗೊಂಡು, ವಿದ್ಯುತ್ತಿನ ವಿತರಣೆಯನ್ನೇ ಜನತೆ ಸಹಕಾರದ ಮೂಲಕ ನಡೆಸಬಹುದೆಂದು ತೋರಿಸಿಕೊಟ್ಟಿತು. ಇಷ್ಟೆಲ್ಲ ಅಭಿಮಾನಪಡತಕ್ಕ ಸಂಗತಿಗಳ ನಡುವೆ ಒಂದು ಪ್ರಶ್ನೆ ಮಾತ್ರ ಯಾವ ಸಭೆಯಲ್ಲಿಯೂ ಗಟ್ಟಿಯಾಗಿ ಕೇಳಿಬರುವುದಿಲ್ಲ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋದ ಮನುಷ್ಯನು ಸಂಜೆ ಎರಡೂ ಕೈ, ಎರಡೂ ಕಣ್ಣು, ಸ್ವಚ್ಛವಾದ ಉಸಿರಿನೊಡನೆ ಮನೆಗೆ ಮರಳುವನೆಂಬ ಭರವಸೆ ಎಷ್ಟರ ಮಟ್ಟಿಗಿದೆ ಎಂಬುದೇ ಆ ಪ್ರಶ್ನೆ.

ಅಪಘಾತವೆಂದೊಡನೆ ಜನರ ಕಣ್ಣ ಮುಂದೆ ಬರುವುದು ದೊಡ್ಡ ದುರಂತದ ಚಿತ್ರ. 1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಳದಲ್ಲಿ ಹೊರಬಿದ್ದ ವಿಷಾನಿಲವು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತರು. ಗೋಡೆ ಬಿರುಕು ಬಿಟ್ಟದ್ದನ್ನು ಹಿಂದಿನ ದಿನವೇ ಕಂಡಿದ್ದರೂ ಬಟ್ಟೆ ಹೊಲಿಯುವ ಹೆಣ್ಣುಮಕ್ಕಳನ್ನು ಒಳಗೆ ಕಳುಹಿಸಲಾಗಿತ್ತು. ಹತ್ತಿರದ ಮಾತನ್ನೇ ಹೇಳುವುದಾದರೆ, 2018ರ ಡಿಸೆಂಬರಿನಲ್ಲಿ ಮುಧೋಳ ತಾಲೂಕಿನ ಸಕ್ಕರೆ ಕಾರ್ಖಾನೆಯೊಂದರ ತ್ಯಾಜ್ಯನೀರು ಶುದ್ಧೀಕರಣ ಘಟಕದಲ್ಲಿ ಸ್ಫೋಟವಾಗಿ ನಾಲ್ವರು ಮಡಿದರು. 2024ರ ಆಗಸ್ಟಿನಲ್ಲಿ ಬೆಳಗಾವಿಯ ಮಗ್ಗುಲಿನ ನಾವಗೆಯ ಕಾರ್ಖಾನೆಯಲ್ಲಿ ಬೆಂಕಿ ಬಿದ್ದು ತರುಣ ಕಾರ್ಮಿಕನೊಬ್ಬನು ಜೀವ ಕಳೆದುಕೊಂಡನು. ಇಂಥ ಘಟನೆಗಳು ಪತ್ರಿಕೆಯ ಮೊದಲ ಪುಟಕ್ಕೆ ಬರುತ್ತವೆ. ಆದರೆ ಹೆಚ್ಚಿನ ಹಾನಿಯು ಪತ್ರಿಕೆಗೆ ಬಾರದ ರೀತಿಯಲ್ಲಿ, ಒಬ್ಬೊಬ್ಬರಾಗಿ, ಒಂದೊಂದು ಬೆರಳಾಗಿ, ಒಂದೊಂದು ಉಸಿರಾಗಿ ಸಂಭವಿಸುತ್ತಿರುತ್ತದೆ.

ನೂಲಿನ ಗಿರಣಿಯನ್ನೇ ನೋಡಬಹುದು. ಅರಳೆಯನ್ನು ಬಿಡಿಸಿ ಹಿಂಜುವ ವಿಭಾಗಗಳಲ್ಲಿ ಹಾರುವ ನುಣ್ಣನೆಯ ಧೂಳು ಶ್ವಾಸಕೋಶವನ್ನು ಹೊಕ್ಕು ವರ್ಷಗಳ ಮೇಲೆ ತರುವ ಬೇನೆಗೆ ವೈದ್ಯರು ಬಿಸಿನೋಸಿಸ್ ಎಂದು ಹೆಸರಿಟ್ಟಿದ್ದಾರೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನವೇ ಎದೆ ಬಿಗಿದಂತಾಗುವುದು ಇದರ ಆರಂಭದ ಲಕ್ಷಣ. ಮರುದಿನಗಳಲ್ಲಿ ಅದು ಕಡಿಮೆಯಾಗುವುದರಿಂದ ರೋಗಿಯು ಅದನ್ನು ನೆಗಡಿಯೆಂದೋ ಮೈಗಳ್ಳತನವೆಂದೋ ಭಾವಿಸಿ ಸುಮ್ಮನಾಗುತ್ತಾನೆ. ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಒಟ್ಟಿದ, ರಸ ಹಿಂಡಿದ ಕಬ್ಬಿನ ಸಿಪ್ಪೆಯು ಬೂಷ್ಟು ಹಿಡಿದಾಗ ಅದರ ಧೂಳಿನಿಂದಲೂ ಇಂಥದೇ ಪುಪ್ಪುಸದ ಬೇನೆ ಬರುತ್ತದೆ. ಅದಕ್ಕೆ ಬಗ್ಯಾಸೋಸಿಸ್ ಎಂಬ ಹೆಸರಿದೆ. ಕೋಲಾರದ ಚಿನ್ನದ ಗಣಿಗಳಲ್ಲಿ 1940ರಿಂದ 1946ರ ಅವಧಿಯಲ್ಲಿ 7,653 ಕೆಲಸಗಾರರನ್ನು ಪರೀಕ್ಷಿಸಿದಾಗ ಹತ್ತರಲ್ಲಿ ನಾಲ್ವರಿಗಿಂತ ಹೆಚ್ಚು ಜನರಿಗೆ ಕಲ್ಲುಧೂಳಿನ ಸಿಲಿಕೋಸಿಸ್ ತಗುಲಿದ್ದುದು ಕಂಡುಬಂದಿತು. ಆ ಗಣಿಗಳು 2001ರಲ್ಲಿ ಮುಚ್ಚಿದವು. ಚಿನ್ನವು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಯಿತು. ಧೂಳು ಮಾತ್ರ ದುಡಿದವರ ಎದೆಯಲ್ಲಿ ಉಳಿಯಿತು.

ಕಾಕಂಬಿಯ ತೊಟ್ಟಿ, ಹೊಲಸು ನೀರಿನ ಹೊಂಡ, ಹಾಳು ಬಾವಿ ಇವುಗಳಲ್ಲಿ ಅಡಗಿರುವ ಅಪಾಯ ಇನ್ನೊಂದು ಬಗೆಯದು. ಸಾವಯವ ವಸ್ತು ಕೊಳೆತು ಹುಟ್ಟುವ ಅನಿಲಗಳು ಮುಚ್ಚಿದ ಸ್ಥಳದಲ್ಲಿ ಶೇಖರವಾಗುತ್ತವೆ. ಅವುಗಳಲ್ಲೊಂದಾದ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ; ಪ್ರಮಾಣ ಹೆಚ್ಚಿದಾಗ ಮೂಗಿನ ಗ್ರಹಣಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು, ಅಪಾಯವಿಲ್ಲವೆಂದು ತಿಳಿದು ಇಳಿದವನು ಅಲ್ಲಿಯೇ ಕುಸಿಯುತ್ತಾನೆ. ಅವನನ್ನು ಎತ್ತಲು ಇನ್ನೊಬ್ಬ, ಆ ಇನ್ನೊಬ್ಬನನ್ನು ಎತ್ತಲು ಮತ್ತೊಬ್ಬ ಇಳಿಯುತ್ತಾರೆ. ಮುಚ್ಚಿದ ಸ್ಥಳಗಳ ಇಂಥ ಸಾವುಗಳಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚಿನವರು ರಕ್ಷಿಸಲು ಹೋದವರೇ ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯು 1986ರಲ್ಲಿ ಪ್ರಕಟಿಸಿತು. ಗೆಳೆಯನಿಗಾಗಿ ಪ್ರಾಣವನ್ನು ಲೆಕ್ಕಿಸದವನ ಧೈರ್ಯ ದೊಡ್ಡದು. ಆದರೆ ಗಾಳಿಯನ್ನು ಪರೀಕ್ಷಿಸುವ ಒಂದು ಚಿಕ್ಕ ಉಪಕರಣ, ನಡುವಿಗೆ ಕಟ್ಟಿದ ಒಂದು ಹಗ್ಗ, ಮೇಲೆ ನಿಂತ ಒಬ್ಬ ಕಾವಲುಗಾರ ಇದ್ದಿದ್ದರೆ ಆ ಧೈರ್ಯವನ್ನು ವ್ಯಯಿಸುವ ಪ್ರಸಂಗವೇ ಬರುತ್ತಿರಲಿಲ್ಲ.

ದೊಡ್ಡ ಕಾರ್ಖಾನೆಯ ಗೋಡೆಯ ಹೊರಗಿನ ದುಡಿಮೆಯೂ ನಿರಪಾಯವಾದುದಲ್ಲ. ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವವನ ಕೈ ಉರುಳೆಗಳಿಂದ ಒಂದು ಗೇಣು ದೂರದಲ್ಲಿರುತ್ತದೆ. ರಾಶಿ ಮಾಡುವ ಯಂತ್ರದ ಬೆಲ್ಟಿಗೆ ಹೆಂಗಸರ ಸೆರಗು ಸಿಕ್ಕುವುದುಂಟು. ಕಂಬವೇರಿದ ಲೈನ್‌ಮನ್ನನು ವಿದ್ಯುತ್ತು ನಿಂತಿದೆಯೆಂಬ ಬಾಯಿಮಾತನ್ನೇ ನಂಬಿ ತಂತಿ ಮುಟ್ಟುತ್ತಾನೆ. ಹಂಗಾಮಿನ ರಾತ್ರಿಗಳಲ್ಲಿ ಎರಡೆರಡು ಟ್ರೇಲರು ಜೋಡಿಸಿದ ಕಬ್ಬಿನ ಟ್ರ್ಯಾಕ್ಟರುಗಳು ಹಿಂದೀಪವಿಲ್ಲದೆ ರಸ್ತೆಯಲ್ಲಿ ನಿಂತಿರುತ್ತವೆ. ಕಬ್ಬು ಕಡಿಯಲು ಬಂದ ಗ್ಯಾಂಗಿನ ಕೂಸುಗಳು ಫಡದ ಅಂಚಿನಲ್ಲಿಯೇ ಮಲಗಿರುತ್ತವೆ. ಇವೆಲ್ಲವೂ ದಿನನಿತ್ಯದ ನೋಟಗಳಾದುದರಿಂದ ಕಣ್ಣಿಗೆ ಚುಚ್ಚುವುದಿಲ್ಲ. ಅಭ್ಯಾಸವಾದ ಅಪಾಯವು ಅಪಾಯವೆನಿಸದೆ ಹೋಗುವುದೇ ಅದರ ನಿಜವಾದ ಅಪಾಯ.

ಈ ವಿಷಯದಲ್ಲಿ ಮೂರು ಬಗೆಯ ಸಮಾಧಾನಗಳನ್ನು ಹೇಳಿಕೊಳ್ಳುವುದು ವಾಡಿಕೆಯಾಗಿದೆ. ಒಂದನೆಯದು, ಅದು ಅವನ ಹಣೆಬರಹ ಎಂಬುದು. ಈ ಮಾತಿಗೆ ಉಗಿಯಂತ್ರದ ಇತಿಹಾಸವೇ ಉತ್ತರ ಕೊಡುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಯ್ಲರು ಸಿಡಿಯುವುದು ದೇಶದೇಶಗಳಲ್ಲಿ ಸಾಮಾನ್ಯ ಸಂಗತಿಯಾಗಿತ್ತು. ಕಲ್ಕತ್ತೆಯಲ್ಲಿ 1863ರಲ್ಲಿ ನಡೆದ ಅಂಥದೊಂದು ಸ್ಫೋಟದ ತರುವಾಯ ಬಂಗಾಳದಲ್ಲಿ ತಪಾಸಣೆಯ ಕಾಯಿದೆಯಾಯಿತು. 1923ರಲ್ಲಿ ಅದು ಇಡೀ ದೇಶಕ್ಕೆ ಅನ್ವಯವಾಗುವ ಬಾಯ್ಲರು ಕಾಯಿದೆಯ ರೂಪ ತಾಳಿತು. ಕಾಲಕಾಲಕ್ಕೆ ತಪಾಸಣೆ, ಸುರಕ್ಷಾ ಕವಾಟ, ಪರೀಕ್ಷೆ ಪಾಸಾದ ಚಾಲಕ ಇವು ಬಂದ ಮೇಲೆ ಸ್ಫೋಟಗಳು ವಿರಳವಾದವು. ಹಣೆಬರಹವನ್ನು ಕವಾಟವೊಂದು ತಿದ್ದಬಲ್ಲುದಾದರೆ ಅದು ಬ್ರಹ್ಮಲಿಪಿಯಲ್ಲ, ಮನುಷ್ಯನ ಅಲಕ್ಷ್ಯವೇ ಸರಿ.

ಎರಡನೆಯ ಸಮಾಧಾನ, ಕೆಲಸಗಾರನೇ ಎಚ್ಚರಗೇಡಿ ಎಂಬುದು. ಇದರಲ್ಲಿ ತುಸು ಸತ್ಯವಿದೆ. ಕೊಟ್ಟ ಕೈಗವಸನ್ನು ಮೂಲೆಗೆ ಎಸೆಯುವವರು, ಶಿರಸ್ತ್ರಾಣ ಧರಿಸುವುದನ್ನು ಅಂಜುಬುರುಕತನವೆಂದು ನಗುವವರು, ಕೆಲಸ ಬೇಗ ಸಾಗಲೆಂದು ಯಂತ್ರದ ಮರೆಯನ್ನು ಬಿಚ್ಚಿಡುವವರು ಇಲ್ಲದಿಲ್ಲ. ಆದರೆ ಮೂರನೆಯ ಪಾಳಿಯ ಕೊನೆಯ ಗಂಟೆಯಲ್ಲಿ ಯಾವ ಮನುಷ್ಯನಿಗೂ ಕಣ್ಣು ಮಂಜಾಗುತ್ತದೆ. ಹಂಗಾಮಿನ ಒತ್ತಡದಲ್ಲಿ ಎರಡು ಪಾಳಿ ಸತತ ದುಡಿದವನ ಕೈ ತಪ್ಪುವುದು ಸ್ವಭಾವಸಿದ್ಧ. ಕೈ ತಪ್ಪಿದಾಗಲೂ ಬೆರಳು ಉಳಿಯಲೆಂದೇ ಯಂತ್ರಕ್ಕೆ ಮರೆ ಕಟ್ಟುವುದು. ಪರಿಹಾರದ ಕಾಯಿದೆಯು ಕೂಡ ಈ ವಿವೇಕವನ್ನು ತೋರಿಸಿದೆ: ಕುಡಿತ, ನಿಯಮದ ಬುದ್ಧಿಪೂರ್ವಕ ಉಲ್ಲಂಘನೆ, ರಕ್ಷಣಾಸಾಧನವನ್ನು ಬೇಕೆಂದೇ ತೆಗೆದುಹಾಕುವಿಕೆ ಇವುಗಳನ್ನು ಅದು ಬೇರೆಯಾಗಿ ಎಣಿಸುತ್ತದೆಯೇ ಹೊರತು ಬರಿಯ ಅಜಾಗರೂಕತೆಯ ಕಾರಣದಿಂದ ಪರಿಹಾರವನ್ನು ನಿರಾಕರಿಸುವುದಿಲ್ಲ. ಇನ್ನು ಮರಣವೋ ಶಾಶ್ವತ ಪೂರ್ಣ ಅಂಗವೈಕಲ್ಯವೋ ಸಂಭವಿಸಿದಾಗ ಆ ವಿನಾಯಿತಿಗಳೂ ಮಾಲೀಕನಿಗೆ ದೊರೆಯುವುದಿಲ್ಲ.

ಮೂರನೆಯ ಸಮಾಧಾನ, ಖರ್ಚಿನದು. ಸುರಕ್ಷತೆಗೆ ಹಣ ಸುರಿದರೆ ಉದ್ದಿಮೆ ನಡೆಯುವುದೆಂತು ಎಂದು ಕೇಳುವವರು ಅಪಘಾತದ ಖರ್ಚನ್ನು ಪೂರ್ತಿಯಾಗಿ ಬರೆದು ನೋಡಿರುವುದಿಲ್ಲ. 1923ರ ಪರಿಹಾರ ಕಾಯಿದೆಯ ಲೆಕ್ಕದ ಪದ್ಧತಿಯಂತೆ, ಮೂವತ್ತು ವಯಸ್ಸಿನ ಕೆಲಸಗಾರನು ಮರಣ ಹೊಂದಿದಲ್ಲಿ ಅವನ ಮಾಸಿಕ ವೇತನದ ಅರ್ಧವನ್ನು 207.98ರಿಂದ ಗುಣಿಸಬೇಕು. 2020ರಲ್ಲಿ ಈ ಲೆಕ್ಕಕ್ಕಾಗಿ ನಿಗದಿಯಾದ 15,000 ರೂಪಾಯಿಗಳ ವೇತನಮಿತಿಯನ್ನು ಹಿಡಿದರೆ ಈ ಮೊತ್ತ 15,59,850 ರೂಪಾಯಿ. ಹೆಬ್ಬೆರಳೊಂದನ್ನು ಕಳೆದುಕೊಂಡರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ ಮೂವತ್ತರಷ್ಟು ನಷ್ಟವೆಂದೂ, ಒಂದು ಕೈಯ ನಾಲ್ಕು ಬೆರಳು ಹೋದರೆ ಐವತ್ತರಷ್ಟು ನಷ್ಟವೆಂದೂ ಅದೇ ಕಾಯಿದೆಯ ಪರಿಶಿಷ್ಟವು ತೂಗಿಟ್ಟಿದೆ. ಗಾಣದ ಬಾಯಿಗೆ ಹಾಕುವ ಕಬ್ಬಿಣದ ಮರೆಯ ಬೆಲೆಯನ್ನು ಈ ಅಂಕಿಗಳ ಪಕ್ಕದಲ್ಲಿ ಬರೆದರೆ ಯಾವುದು ಅಗ್ಗವೆಂಬುದಕ್ಕೆ ಗುಮಾಸ್ತನ ನೆರವು ಬೇಕಾಗುವುದಿಲ್ಲ.

ಇದು ಕೇವಲ ಕಣ್ಣಿಗೆ ಕಾಣುವ ಖರ್ಚು. ಕಾಣದ ಖರ್ಚು ಇನ್ನೂ ಹೆಚ್ಚಿನದು. ಅಪಘಾತವಾದ ಯಂತ್ರ ನಿಲ್ಲುತ್ತದೆ. ನೋಡಿದವರ ಕೈ ನಡುಗಿ ಕೆಲಸ ಕುಂಟುತ್ತದೆ. ಹತ್ತು ವರ್ಷ ಪಳಗಿದವನ ಜಾಗಕ್ಕೆ ಹೊಸಬನನ್ನು ತಂದು ಕಲಿಸಬೇಕಾಗುತ್ತದೆ. ವಿಚಾರಣೆ, ನ್ಯಾಯಾಲಯಗಳ ಅಲೆದಾಟ ತಪ್ಪುವುದಿಲ್ಲ. ಸಕ್ಕರೆ ಕಾರ್ಖಾನೆಯಲ್ಲಂತೂ ಇದು ಒಳಗೇ ಮುಗಿಯುವ ನಷ್ಟವಲ್ಲ. ಕಡಿದ ಕಬ್ಬು ದಿನ ಕಳೆದಂತೆ ಒಣಗಿ ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುತ್ತದೆ. ಬಾಯ್ಲರು ಎರಡು ದಿನ ನಿಂತರೆ ಅಂಗಳದಲ್ಲಿ ಸಾಲುಗಟ್ಟಿದ ಗಾಡಿಗಳ ಒಡೆಯರೆಲ್ಲರೂ ಆ ಅಪಘಾತದ ಪಾಲುದಾರರಾಗುತ್ತಾರೆ. ಔದ್ಯೋಗಿಕ ಅಪಘಾತ ಹಾಗೂ ರೋಗಗಳಿಂದ ಜಗತ್ತಿನ ಒಟ್ಟು ಉತ್ಪನ್ನದಲ್ಲಿ ನೂರಕ್ಕೆ ಸುಮಾರು ನಾಲ್ಕರಷ್ಟು ಹಾನಿಯಾಗುವುದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಅಂದಾಜು ಮಾಡಿದೆ. ವರ್ಷಕ್ಕೆ ಮೂವತ್ತು ಲಕ್ಷದಷ್ಟು ಜನ ದುಡಿಮೆಯ ಕಾರಣದಿಂದಲೇ ಸಾಯುತ್ತಿರುವರೆಂದು 2023ರಲ್ಲಿ ಅದು ತಿಳಿಸಿತು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. 1987ರಲ್ಲಿ ಅಮೆರಿಕದ ಅಲ್ಕೋವಾ ಎಂಬ ಅಲ್ಯೂಮಿನಿಯಂ ಸಂಸ್ಥೆಯ ಅಧಿಪತ್ಯ ವಹಿಸಿಕೊಂಡ ಪಾಲ್ ಓ'ನೀಲ್ ಅವರು, ಲಾಭದ ಮಾತನ್ನು ಬದಿಗಿಟ್ಟು ಕಾರ್ಮಿಕರ ಸುರಕ್ಷತೆಯೇ ತಮ್ಮ ಮೊದಲ ಗುರಿಯೆಂದು ಸಾರಿದಾಗ ಹಣ ಹೂಡಿದವರು ಗಾಬರಿಗೊಂಡರು. ಅವರ ಆಡಳಿತದ ಹದಿಮೂರು ವರ್ಷಗಳಲ್ಲಿ ಗಾಯದಿಂದ ಕೆಲಸ ತಪ್ಪುವ ಪ್ರಮಾಣ ನೂರು ಜನರಿಗೆ 1.86ರಿಂದ 0.2ಕ್ಕೆ ಇಳಿಯಿತು, ಸಂಸ್ಥೆಯ ಲಾಭ ಹಲವು ಪಟ್ಟು ಏರಿತು. ಇದರಲ್ಲಿ ಪವಾಡವೇನೂ ಇಲ್ಲ. ಗಾಯವೇಕಾಯಿತೆಂದು ಪ್ರಾಮಾಣಿಕವಾಗಿ ವಿಚಾರಿಸುವವನು ಯಂತ್ರದ ಸವೆತವನ್ನು, ಕೆಲಸದ ಕ್ರಮದಲ್ಲಿನ ದೋಷವನ್ನು, ಮೇಲಿನವರಿಗೂ ಕೆಳಗಿನವರಿಗೂ ನಡುವೆ ಮಾತು ನಿಂತುಹೋದುದನ್ನು ತಾನಾಗಿಯೇ ಕಂಡುಕೊಳ್ಳುತ್ತಾನೆ. ಭೋಪಾಳದ ಕಾರ್ಖಾನೆಯನ್ನು ನಡೆಸುತ್ತಿದ್ದ ಯೂನಿಯನ್ ಕಾರ್ಬೈಡ್ ಸಂಸ್ಥೆಯಾದರೋ 1989ರಲ್ಲಿ 47 ಕೋಟಿ ಡಾಲರುಗಳನ್ನು ತೆತ್ತು, 2001ರಲ್ಲಿ ಬೇರೊಂದು ಸಂಸ್ಥೆಯ ಒಡೆತನಕ್ಕೆ ಸೇರಿಹೋಯಿತು. ಕಳಂಕ ಮಾತ್ರ ಇಂದಿಗೂ ಅಳಿದಿಲ್ಲ.

ಕಾಯಿದೆಗಳು ನಿಂತ ನೀರಾಗಿಲ್ಲವೆಂಬುದೂ ನಿಜ. 1881ರ ಮೊದಲ ಕಾರ್ಖಾನೆ ಕಾಯಿದೆಯು ಏಳು ವರ್ಷದ ಮಗು ಗಿರಣಿಯಲ್ಲಿ ದುಡಿಯುವುದನ್ನು ಒಪ್ಪಿತ್ತು. ಆ ಬಗೆಯ ಕಾನೂನಿನ ನೆರಳಿನಲ್ಲಿಯೇ ಗೋಕಾಕದ ಗಿರಣಿಯೂ ಜನಿಸಿತು. 1948ರ ಕಾಯಿದೆಯು ವಾರಕ್ಕೆ 48 ಗಂಟೆಗಳ ಮಿತಿ, ಯಂತ್ರಗಳಿಗೆ ಬೇಲಿ, ಹೆಚ್ಚಿನ ದುಡಿಮೆಗೆ ಇಮ್ಮಡಿ ಕೂಲಿ ಇವನ್ನು ವಿಧಿಸಿತು. ಭೋಪಾಳದ ಪಾಠದಿಂದ 1987ರಲ್ಲಿ, ಸನ್ನಿಹಿತ ಅಪಾಯವನ್ನು ಮೇಲಿನವರ ಗಮನಕ್ಕೆ ತರುವ ಹಕ್ಕು ಕಾರ್ಮಿಕನಿಗೆ ದೊರೆಯಿತು. ಈಗ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಹಾಗೂ ಕೆಲಸದ ಪರಿಸ್ಥಿತಿಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ನೇಮಕದ ಪತ್ರ, ವಾರ್ಷಿಕ ಆರೋಗ್ಯ ತಪಾಸಣೆ ಮೊದಲಾದ ಒಳ್ಳೆಯ ಅಂಶಗಳು ಅದರಲ್ಲಿವೆ. ಆದರೆ ಹಿಂದೆ ವಿದ್ಯುತ್ ಬಳಸುವಲ್ಲಿ ಹತ್ತು ಜನರಿದ್ದರೆ ಕಾರ್ಖಾನೆಯೆನಿಸುತ್ತಿದ್ದುದು ಈಗ ಇಪ್ಪತ್ತು ಜನರಾದಾಗ ಮಾತ್ರ ಕಾರ್ಖಾನೆಯೆನಿಸುತ್ತದೆ. ಈ ಸೀಮೆಯ ಆಲೆಮನೆ, ವೆಲ್ಡಿಂಗ್ ಅಂಗಡಿ, ಕಟ್ಟಿಗೆಯ ಅಡ್ಡೆಗಳಲ್ಲಿ ಬಹಳಷ್ಟು ಈ ಗೆರೆಯ ಕೆಳಗೇ ಉಳಿಯುತ್ತವೆ. ಗೆರೆಯು ಎಲ್ಲಿದ್ದರೂ ಗಾಣದ ಉರುಳೆಗೆ ಅದು ತಿಳಿಯದು. ಹತ್ತೊಂಬತ್ತನೆಯವನ ಬೆರಳನ್ನೂ ಇಪ್ಪತ್ತನೆಯವನ ಬೆರಳನ್ನೂ ಅದು ಒಂದೇ ರೀತಿಯಲ್ಲಿ ಸೆಳೆದುಕೊಳ್ಳುತ್ತದೆ. ಆದುದರಿಂದ ಕಾಯಿದೆಯು ನಿಲ್ಲುವಲ್ಲಿ ಮಾಲೀಕನ ಮನಸ್ಸಾಕ್ಷಿ ಕೆಲಸ ಆರಂಭಿಸಬೇಕಾಗುತ್ತದೆ.

ಈ ಮೂರು ತಾಲೂಕುಗಳ ಮಟ್ಟಿಗೆ ಇನ್ನೊಂದು ವಿಶೇಷವಿದೆ. ಬೇರೆಡೆ ಮಾಲೀಕನೆಂದರೆ ದೂರದ ಪಟ್ಟಣದ ಧನಿಕನಿದ್ದಾನು. ಇಲ್ಲಿಯ ಸಹಕಾರಿ ಕಾರ್ಖಾನೆಗಳಿಗೂ ವಿದ್ಯುತ್ ಸಂಘಕ್ಕೂ ಶೇರುದಾರರಾದ ರೈತರು, ಗ್ರಾಹಕರೇ ಒಡೆಯರು. ಶಿಕ್ಷಕನ ತಂದೆ, ಹಳೆಯ ವಿದ್ಯಾರ್ಥಿಯ ಅಣ್ಣ, ಶಾಲೆಯ ಕೋಣೆ ಕಟ್ಟಿಸಿದ ದಾನಿ ಇವರೆಲ್ಲರೂ ಅಲ್ಲಿ ಕೈಯೆತ್ತುವ ಸದಸ್ಯರು. ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಕಬ್ಬಿನ ದರವೆಷ್ಟು, ಸಕ್ಕರೆಯ ಇಳುವರಿಯೆಷ್ಟು, ಡಿವಿಡೆಂಡ್ ಎಷ್ಟು ಎಂಬ ಪ್ರಶ್ನೆಗಳು ಏಳುತ್ತವೆ, ಏಳಲೇಬೇಕು. ಅವುಗಳ ಜೊತೆಗೆ ಇನ್ನೂ ಮೂರು ಪ್ರಶ್ನೆಗಳು ಏಳಬೇಕಾಗಿದೆ. ಈ ವರ್ಷ ಎಷ್ಟು ಜನ ಗಾಯಗೊಂಡರು? ಗುತ್ತಿಗೆದಾರನ ಕಡೆಯವರನ್ನು ಆ ಲೆಕ್ಕದಲ್ಲಿ ಹಿಡಿಯಲಾಗಿದೆಯೇ? ಹೋದ ವರ್ಷದ ಅಪಘಾತದ ಕಾರಣವನ್ನು ಸರಿಪಡಿಸಲಾಯಿತೇ? ಈ ಮೂರು ಸಾಲುಗಳು ವಾರ್ಷಿಕ ವರದಿಯಲ್ಲಿ ಅಚ್ಚಾಗತೊಡಗಿದ ದಿನ ಸಂಚಾಲಕರೂ ಮೇಲ್ವಿಚಾರಕರೂ ಗುತ್ತಿಗೆದಾರರೂ ತಾವಾಗಿಯೇ ಜಾಗೃತರಾಗುವರು. ಕೇಳುವವರಿಲ್ಲದ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಈ ನಾಡಿನ ಜನ ಉದಾರಿಗಳೆಂಬುದರಲ್ಲಿ ಸಂಶಯವಿಲ್ಲ. ಒಬ್ಬನು ಕೆಲಸದಲ್ಲಿ ಸತ್ತರೆ ಊರೇ ಸೇರುತ್ತದೆ. ವರ್ಗಣಿ ಕೂಡಿಸಿ ಹೆಂಡತಿಯ ಕೈಗಿಡುತ್ತದೆ. ಹಿರಿಯರು ಕುಳಿತು ಮಾಲೀಕನೊಡನೆ ಮಾತಾಡಿ ಮುಗಿಸುತ್ತಾರೆ. ಕರುಣೆಯಿಂದ ಹುಟ್ಟಿದ ಈ ಪದ್ಧತಿಯಲ್ಲಿ ಎರಡು ಕೆಡುಕುಗಳಿವೆ. ಮಾತಿನಲ್ಲಿ ಮುಗಿದ ಪ್ರಕರಣವು ಸರಕಾರದ ದಫ್ತರಿಗೆ ಸೇರದೆ, ಅದರ ಕಾರಣ ಯಾರಿಗೂ ತಿಳಿಯದೆ ಅದೇ ಯಂತ್ರ ಅದೇ ರೀತಿಯಲ್ಲಿ ಮರುದಿನ ತಿರುಗುತ್ತದೆ. ಇನ್ನೊಂದು, ಕಾಯಿದೆಯಿಂದ ಹಕ್ಕಾಗಿ ಬರಬೇಕಾದುದು ದಾನವಾಗಿ, ಅದೂ ಅರೆಬರೆಯಾಗಿ ಬರುತ್ತದೆ. ಆ ಮನೆಯ ಹಿರಿಯ ಮಗ ಶಾಲೆ ಬಿಟ್ಟು ತಂದೆ ನಿಂತ ಜಾಗದಲ್ಲಿಯೇ ನಿಲ್ಲುತ್ತಾನೆ. ಹಾಜರಿ ಪುಸ್ತಕದಿಂದ ಒಂದು ಹೆಸರು ಏಕೆ ಅಳಿಯಿತೆಂದು ವಿಚಾರಿಸುವ ಶಿಕ್ಷಕನು ಎಷ್ಟೋ ಸಲ ಅದರ ಮೂಲವನ್ನು ಕಾರ್ಖಾನೆಯ ಅಂಗಳದಲ್ಲಿ ಕಾಣಬೇಕಾಗುತ್ತದೆ. ಸತ್ತ ಮೇಲಿನ ಸಾವಿರಕ್ಕಿಂತ ಇದ್ದಾಗಿನ ಕಾವಲು ದೊಡ್ಡ ದಾನವೆಂಬುದನ್ನು ಉದಾರಿಗಳು ಮನಗಾಣುವುದು ಅವಶ್ಯ.

ಶಾಲೆಗೂ ಇದರಲ್ಲಿ ಪಾತ್ರವುಂಟು. ಹತ್ತನೆಯ ಇಯತ್ತೆ ಮುಗಿಸಿದ ಹುಡುಗರಲ್ಲಿ ಹಲವರು ಐ.ಟಿ.ಐ. ಮೂಲಕವೋ ನೇರವಾಗಿಯೋ ಯಂತ್ರದ ಮುಂದೆ ನಿಲ್ಲುವವರೇ. ವಿಜ್ಞಾನದ ತರಗತಿಯಲ್ಲಿ ವಿದ್ಯುತ್ತಿನ ಪಾಠವನ್ನು ಕಲಿಸುವಾಗ ಭೂಸಂಪರ್ಕದ ತಂತಿಯನ್ನು ಕೈಯಾರೆ ತೋರಿಸುವುದು, ಅನಿಲಗಳ ಪಾಠದೊಡನೆ ಹಾಳು ಬಾವಿಯ ಎಚ್ಚರಿಕೆಯನ್ನು ಹೇಳುವುದು, ಪ್ರಥಮೋಪಚಾರವನ್ನು ಅಭ್ಯಾಸ ಮಾಡಿಸುವುದು ಇವಕ್ಕೆ ಹೆಚ್ಚಿನ ಅನುದಾನ ಬೇಕಿಲ್ಲ. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಕಾರ್ಖಾನೆಗಳಲ್ಲಿರುವ ಹಳೆಯ ವಿದ್ಯಾರ್ಥಿಗಳನ್ನು ಕರೆಯಿಸಿ ಮಕ್ಕಳೊಡನೆ ಮಾತಾಡಿಸಬಹುದು. ಅಪಾಯವನ್ನು ಕಂಡಾಗ ಗುರುಗಳೆದುರು ಕೈಯೆತ್ತಿ ಹೇಳಲು ಕಲಿತ ಹುಡುಗನು ನಾಳೆ ಮೇಸ್ತ್ರಿಯೆದುರೂ ಹೇಳಬಲ್ಲನು. ಪ್ರಶ್ನಿಸಲು ಹೆದರುವುದನ್ನು ಕಲಿತವನು ಮಾತ್ರ ಬಿರುಕು ಬಿಟ್ಟ ಗೋಡೆಯ ಕೆಳಗೂ ಸುಮ್ಮನೆ ನಿಲ್ಲುವನು.

ಹನ್ನೆರಡನೆಯ ಶತಮಾನದ ಶರಣರು ದುಡಿಮೆಗೆ ಕಾಯಕವೆಂಬ ಹೆಸರನ್ನು ಬಳಸಿದರು. ಆ ಪದದ ಒಡಲಿನಲ್ಲಿಯೇ ಕಾಯ ಇದೆ. ಕಾಯವನ್ನು ಕಡೆಗಣಿಸಿ ಕಾಯಕವನ್ನು ಕೊಂಡಾಡುವುದು ಬೇರಿಗೆ ನೀರೆರೆಯದೆ ಹಣ್ಣನ್ನು ಹೊಗಳಿದಂತೆ. ಶಾಲೆಗೆ ಕೋಣೆ ಕಟ್ಟಿಸಿಕೊಟ್ಟ ದಾನಿಗಳ ಹೆಸರು ಕಲ್ಲಿನ ಮೇಲೆ ಕೊರೆಯಲ್ಪಟ್ಟಿರುತ್ತದೆ, ಅದು ಯೋಗ್ಯವೇ. ತನ್ನ ಗಾಣಕ್ಕೆ ಮರೆ ಹಾಕಿಸಿ, ತನ್ನ ಬಾಯ್ಲರನ್ನು ಕಾಲಕ್ಕೆ ಸರಿಯಾಗಿ ಪರೀಕ್ಷೆ ಮಾಡಿಸಿ, ತನ್ನ ಆಳುಗಳ ಹೆಸರನ್ನು ವಿಮೆಯ ಪಟ್ಟಿಯಲ್ಲಿ ಸೇರಿಸಿದ ಮಾಲೀಕನ ಹೆಸರು ಯಾವ ಕಲ್ಲಿನ ಮೇಲೂ ಇರುವುದಿಲ್ಲ. ಆದರೆ ಅವನ ಕಾರಣದಿಂದ ಸಂಜೆ ಮನೆಗೆ ಮರಳಿದ ತಂದೆಯ ಕೈ ಹಿಡಿದು ಒಂದು ಮಗು ಮರುದಿನ ಶಾಲೆಗೆ ಬರುತ್ತದೆ. ಈ ಬರುವ ಹಂಗಾಮಿನ ಮೊದಲ ಗಾಡಿ ಕಾರ್ಖಾನೆಯ ಅಂಗಳಕ್ಕೆ ಬರುವ ಮುನ್ನವೇ ಪ್ರತಿಯೊಬ್ಬ ಮಾಲೀಕನೂ ಸಂಚಾಲಕನೂ ತನ್ನ ಯಂತ್ರಗಳ ಸುತ್ತ ಒಮ್ಮೆ ನಡೆದು ನೋಡುವಂತಾಗಲಿ. ಅಲ್ಲಿ ಕಂಡ ಮೊದಲ ಕೊರತೆಯನ್ನು ಅಂದೇ ಸರಿಪಡಿಸಿದರೆ ಅಷ್ಟರ ಮಟ್ಟಿಗೆ ಈ ಸೀಮೆಯ ದುಡಿಮೆ ಸುರಕ್ಷಿತವಾಗುವುದು.